ಬಿಲ್ಲೆಯ ದಪ್ಪ

ನಲವತ್ತು ಮರದ ಬಿಲ್ಲೆ ಬೇಕು ಎಂದು ಗೆಳತಿ ಫೋನ್ ಮಾಡಿದಾಗ ಅವಳ ಮದುವೆಗೆ ಮೂರು ವಾರ ಉಳಿದಿತ್ತು. ಹತ್ತಿರದ ನೆಂಟರಿಗೆ ತಾಂಬೂಲ ಕೊಡುವಾಗ ತಟ್ಟೆಯ ಬದಲು ಬಿಲ್ಲೆಯ ಮೇಲೆ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಕೊಡಬೇಕೆಂಬುದು ಅವಳ ಆಸೆ. ಬಿಲ್ಲೆ ಒಂದು ಕಡೆ ತೆಳುವಾಗಿದ್ದರೆ ಕಾಯಿ ಉರುಳುತ್ತದೆ.

"ಕಾಯಿ ಬಿದ್ರೆ ಅಪಶಕುನ ಅಂತಾರೆ ಕಣೇ. ಅತ್ತೆಗೆ ಮೊದಲೇ ಈ ಐಡಿಯಾ ಇಷ್ಟ ಇಲ್ಲ," ಎಂದಳು.

ನಾವಿಬ್ಬರೂ ಚಂದ್ರಾ ಲೇಔಟ್‌ನಲ್ಲಿ ಮೂರು ವರ್ಷ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರು. ಭಾನುವಾರಗಳಲ್ಲಿ ಅನ್ನಪೂರ್ಣೇಶ್ವರಿ ನಗರದ ಒಂದು ಖಾಲಿ ಸೈಟಿನ ಶೆಡ್ಡಿಗೆ ಹೋಗಿ ಬಿಲ್ಲೆ ಕೊಯ್ಯುತ್ತಿದ್ದೆವು. ದಿಮ್ಮಿಯನ್ನು ಕತ್ತರಿಯಂತೆ ಜೋಡಿಸಿದ ಮರದ ಕಾಲುಗಳ ಮೇಲಿಟ್ಟು ನಾನು ಕರೆಂಟಿನ ಚೈನ್‌ಸಾ ಹಿಡಿಯುತ್ತಿದ್ದೆ. ಹಿಡಿದವರಿಗೆ ಗರಗಸ ವಾಲುವುದು ತಿಳಿಯುವುದಿಲ್ಲ. ಅವಳು ಎದುರಿಗೆ ದೂರದಲ್ಲಿ, ಬಿಸಿಲಲ್ಲಿ ನಿಂತು ಯಾವ ಕಡೆಗೆ ತಿರುಗಿಸಬೇಕೆಂದು ಕೈಸನ್ನೆಯಲ್ಲಿ ಹೇಳುತ್ತಿದ್ದಳು, ನಾನು ತಿದ್ದಿಕೊಳ್ಳುತ್ತಿದ್ದೆ. ಮದುವೆ ಗೊತ್ತಾದ ಮೇಲೆ ಅವಳು ಊರಿಗೆ ಹೋದಳು. ಮನೆಯಲ್ಲೂ ಶೆಡ್ಡಿನಲ್ಲೂ ನಾನೊಬ್ಬಳೇ ಉಳಿದೆ.

ನನ್ನ ಬಳಿ ಎರಡು ಒಣ ಬೇವಿನ ದಿಮ್ಮಿಗಳಿದ್ದವು. ಮೊದಲ ಭಾನುವಾರ ಕೊಯ್ದ ಆರು ಬಿಲ್ಲೆಗಳೂ ಕಲ್ಲಂಗಡಿ ಹೋಳಿನಂತೆ ಒಂದಂಚು ದಪ್ಪ, ಇನ್ನೊಂದಂಚು ತೆಳು. ನೇರ ತಿಳಿಯಲೆಂದು ಮೇಲಿನಿಂದ ದಾರಕ್ಕೆ ಕಟ್ಟಿದ ತೂಗುಗುಂಡು ಇಳಿಬಿಟ್ಟೆ, ಕೊಯ್ಯುತ್ತಾ ಅದನ್ನು ನೋಡಲಾಗಲಿಲ್ಲ. ಮೊಬೈಲನ್ನು ಇಟ್ಟಿಗೆಗೆ ಒರಗಿಸಿ ವಿಡಿಯೋ ಹಿಡಿದೆ. ಕೊಯ್ದಾದ ಮೇಲೆ ತಪ್ಪು ಕಂಡು ಪ್ರಯೋಜನವಿರಲಿಲ್ಲ. ಎರಡನೆಯ ಭಾನುವಾರದ ಮಧ್ಯಾಹ್ನಕ್ಕೆ ಒಂದು ದಿಮ್ಮಿ ಪೂರ್ತಿ ಹಾಳಾಯಿತು.

ಪಕ್ಕದ ಶೆಡ್ಡಿನಲ್ಲಿ ಹಾವೇರಿ ಕಡೆಯ ಬಡಗಿಯೊಬ್ಬರು ಬಾಗಿಲ ಚೌಕಟ್ಟು ಮಾಡುತ್ತಾರೆ. ಮೂರು ವರ್ಷದಲ್ಲಿ ನಾವು ತಲೆಯಾಡಿಸಿದ್ದು ಬಿಟ್ಟರೆ ಮಾತಾಡಿದವರಲ್ಲ. ಯಾರನ್ನಾದರೂ ಏನಾದರೂ ಕೇಳಬೇಕೆಂದರೆ ನನಗೆ ಒಂದು ದಿನದ ತಯಾರಿ ಬೇಕು. ಅಂದು ಅಷ್ಟು ಸಮಯವಿರಲಿಲ್ಲ. ಹಾಳಾದ ಬಿಲ್ಲೆಯೊಂದನ್ನು ಹಿಡಿದು ಹೋಗಿ, ಅರ್ಧ ಗಂಟೆ ಎದುರಿಗೆ ನಿಂತು ನೋಡುತ್ತೀರಾ ಎಂದು ಕೇಳಿದೆ.

ಅವರು ಬಿಲ್ಲೆಯನ್ನು ತಿರುವಿ, ಕೊಯ್ದ ಗೆರೆಗಳ ಮೇಲೆ ಬೆರಳಾಡಿಸಿದರು. ಎದುರಿಗೆ ನಿಲ್ಲಲು ಅವರು ಬರಲಿಲ್ಲ, ಗರಗಸವನ್ನೇ ತರಲು ಹೇಳಿದರು. ತಂದಾಗ ಚೈನಿನ ಹಲ್ಲುಗಳನ್ನು ಒಂದೊಂದಾಗಿ ನೋಡಿ ನಕ್ಕರು.

"ಒಂದ ಕಡಿ ಹಲ್ಲು ಚೂಪ ಅದಾವು, ಇನ್ನೊಂದ ಕಡಿ ಮೊಂಡ ಅದಾವು. ಒಂದ ದವಡಿಲೆ ಊಟ ಮಾಡಿದ್ರ ಬಾಯಿ ಸೊಟ್ಟ ಆಗೂದಿಲ್ಲೇನ್ರೀ ಅಕ್ಕಾರ?"

ಬಲಗೈ ರೂಢಿಯಿಂದ ನಾನು ಹಲ್ಲು ಹರಿತ ಮಾಡಲು ಅರ ಉಜ್ಜುವಾಗ ಒಂದು ಸಾಲಿಗೆ ಒತ್ತಿ, ಇನ್ನೊಂದಕ್ಕೆ ಮೇಲೆಮೇಲೆ ಉಜ್ಜುತ್ತಿದ್ದೆನಂತೆ. ಗರಗಸ ಚೂಪಿದ್ದ ಕಡೆಗೇ ಎಳೆಯುತ್ತಿತ್ತು. ಪ್ರತಿ ಹಲ್ಲಿಗೂ ಎಷ್ಟು ಸಲ ಎಂದು ಎಣಿಸಿ ನನ್ನಿಂದಲೇ ಉಜ್ಜಿಸಿದರು. ಎರಡು ಸಾಲಿಗೂ ಲೆಕ್ಕ ಒಂದೇ. ಆಮೇಲೆ ತಮ್ಮ ಕೆಲಸಕ್ಕೆ ಹೋದರು.

ಎರಡನೆಯ ದಿಮ್ಮಿಯ ಮೊದಲ ಬಿಲ್ಲೆ ಕೆಳಗೆ ಬಿತ್ತು. ನಾಲ್ಕು ಕಡೆ ಅಳೆದೆ, ಎಲ್ಲಾ ಕಡೆಯೂ ಒಂದೇ. ಎರಡನೆಯದೂ ಹಾಗೆಯೇ. ಹತ್ತನೆಯದು ಬಿದ್ದಾಗ ಸ್ವಿಚ್ ಆರಿಸಿ ಮರದ ಹೊಟ್ಟಿನ ಮೇಲೆ ಕುಳಿತೆ. ಮೂರು ವರ್ಷವೂ ಅವಳ ಕೈ ಬಲಕ್ಕೇ ಬೀಸುತ್ತಿತ್ತು. ಎಡಕ್ಕೆ ಒಂದು ಸಲವೂ ಇಲ್ಲ. ನನ್ನ ಕೈಯೇ ಸೊಟ್ಟ ಎಂದು ನಾವಿಬ್ಬರೂ ನಕ್ಕಿದ್ದೆವು, ಚೈನನ್ನು ನೋಡಿರಲಿಲ್ಲ. ಹರಿತ ಸರಿಯಿದ್ದಿದ್ದರೆ ಅವಳು ಆ ಬಿಸಿಲಲ್ಲಿ ನಿಲ್ಲಬೇಕಾಗಿಯೇ ಇರಲಿಲ್ಲ.

ಉಳಿದ ಮೂವತ್ತನ್ನು ಕೊಯ್ಯುವಾಗ ಒಂದಾದರೂ ಸೊಟ್ಟ ಬರಲಿ ಎಂದು ಕಾದೆ ಅನ್ನಿಸುತ್ತದೆ. ಬರಲಿಲ್ಲ.

ಸಂಜೆ ಎಲ್ಲವನ್ನೂ ನೆರಳಿಗೆ ಜೋಡಿಸಿ ಅವಳಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. ಕಾಯಿ ಇಟ್ಟು ನೋಡಿದೆಯಾ ಎಂದಳು. ನಲವತ್ತರ ಮೇಲೂ ಇಟ್ಟು ನೋಡಿದೆ, ಒಂದೂ ಉರುಳಲಿಲ್ಲ ಎಂದೆ.

"ಎದುರಿಗೆ ಯಾರು ನಿಂತ್ಕೊಂಡಿದ್ರೇ?"

"ಪಕ್ಕದ ಶೆಡ್ಡಿನವರು."

"ನನ್ನಷ್ಟು ಕರೆಕ್ಟಾಗಿ ಹೇಳಿದ್ರಾ?"

ಚೈನಿನ ವಿಷಯ ಹೇಳಲು ಬಾಯಿ ತೆರೆದಿದ್ದೆ.

"ಇಲ್ಲ. ನೀನಿಲ್ದೆ ತುಂಬಾ ಕಷ್ಟ ಆಯ್ತು," ಎಂದೆ.

"ನಂಗೊತ್ತಿತ್ತು," ಎಂದಳು. ಅವಳ ದನಿಯಲ್ಲಿ ಖುಷಿಯಿತ್ತು. ಅಷ್ಟರಲ್ಲಿ ಬ್ಲೌಸ್ ಅಳತೆಗೆ ಯಾರೋ ಕರೆದರು, ಆಮೇಲೆ ಮಾಡ್ತೀನಿ ಎಂದು ಫೋನ್ ಇಟ್ಟಳು.