ಶಿವದಾರ ಕಡಿದ ದಿನ

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಸೋನ್ಯಾಳದ ದಾಕ್ಷಾಯಣಿ ಜಪಾನಿಗೆ ಹೊರಟಾಗ ಅವಳು ಆಯಿ ಎನ್ನುವ ಅಜ್ಜಿ ಸಾವಿತ್ರೆವ್ವ ಹೇಳಿದ್ದು ಒಂದೇ ಮಾತು. "ಅಲ್ಲಿ ಏನರ ಉಡು, ಹೆಂಗರ ಇರು. ಕೊಳ್ಳಾಗಿನ ಲಿಂಗ ಮಾತ್ರ ತಗೀಬ್ಯಾಡ ನೋಡವಾ."

ದಾಕ್ಷಾಯಣಿಗೆ ಆಗ ಇಪ್ಪತ್ತಾರು ವರ್ಷ. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಸಾಂಗ್ಲಿಯಲ್ಲಿ ಮರಾಠಿ ಗೆಳತಿಯರ ನಡುವೆ ನರ್ಸಿಂಗ್, ನಂತರ ಪುಣೆಯಲ್ಲಿ ಒಂದು ವರ್ಷ ಜಪಾನಿ ಭಾಷೆ. ತಂದೆ ಮಲ್ಲಿನಾಥ ಜತ್ತದ ಪೇಟೆಯಲ್ಲಿ ದನದ ಹಿಂಡಿ ಮಾರುವವನು. ಮಗಳನ್ನು ಕಳಿಸಲು ಅವನಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೆ ವೃದ್ಧಾಶ್ರಮದಲ್ಲಿ ಮುದುಕರ ಸೇವೆಯ ಕೆಲಸ ಎಂದು ತಿಳಿದ ಮೇಲೆ ಸುಮ್ಮನಾದ.

ಜಪಾನಿನ ಬೆಟ್ಟಗಳ ನಡುವಿನ ಒಂದು ಪುಟ್ಟ ಪಟ್ಟಣದಲ್ಲಿ ಅವಳು ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಚಹಾದ ಹೊತ್ತಿನಲ್ಲಿ ಮೇಲ್ವಿಚಾರಕಿ ನಿಶಿಮುರಾ ಅವಳ ಪಕ್ಕದಲ್ಲಿ ಕೂತಿದ್ದಳು. ನಲವತ್ತು ದಾಟಿದ ಹೆಂಗಸು, ಮಿತಭಾಷಿ. ಆಪ್ತವಾಗಿ ಏನಾದರೂ ಮಾತಾಡಬೇಕೆಂದು ದಾಕ್ಷಾಯಣಿ ಕೇಳಿದಳು: "ನಿಮಗೆ ಮಕ್ಕಳೆಷ್ಟು?" ಇಲ್ಲ ಎಂದು ನಿಶಿಮುರಾ ತಲೆಯಾಡಿಸಿದಳು. "ಮದುವೆ ಆಗಿಲ್ಲವೇ? ಯಾಕೆ?"

ಸೋನ್ಯಾಳದಲ್ಲಿ ಹೀಗೆ ಕೇಳದಿದ್ದರೆ ಸೊಕ್ಕಿನ ಹುಡುಗಿ ಎನ್ನುತ್ತಿದ್ದರು. ಇಲ್ಲಿ ಮೇಜಿನ ಸುತ್ತ ಕೂತವರೆಲ್ಲ ತಮ್ಮ ತಮ್ಮ ಬಟ್ಟಲು ನೋಡತೊಡಗಿದರು. ನಿಶಿಮುರಾ ಸಣ್ಣಗೆ ನಕ್ಕು, ಬಟ್ಟಲು ಎತ್ತಿಕೊಂಡು ಎದ್ದು ಹೋದಳು. ಮರುದಿನವೂ ಅದೇ ನಗು. ನೀನು ಕೇಳಿದ್ದು ತಪ್ಪು ಎಂದು ಯಾರೂ ಹೇಳಲಿಲ್ಲ. ಊರಲ್ಲಾಗಿದ್ದರೆ ಬೈದು ಮುಗಿಸುತ್ತಿದ್ದರು. ಇಲ್ಲಿ ಬೈಗುಳವೇ ಇಲ್ಲದ್ದರಿಂದ ತಪ್ಪು ಎಷ್ಟು ದೊಡ್ಡದೆಂದು ಅವಳಿಗೆ ಅಳೆಯಲಾಗಲಿಲ್ಲ.

ಅಂದಿನಿಂದ ಅವಳಿಗೆ ಬಾಯಿ ತೆರೆಯಲು ಹೆದರಿಕೆ. ಆಗಲಿ ಎನ್ನುವುದಕ್ಕೆ ಅಲ್ಲಿಯವರು ಬಳಸುವ 'ಹಾಯ್' ಎಂಬ ಒಂದೇ ಮಾತು ಅವಳ ನಾಲಿಗೆಯ ಮೇಲೆ ಉಳಿಯಿತು. ಬೇಗ ಬಾ ಎಂದರೂ ಹಾಯ್, ಅರ್ಥವಾಯಿತೇ ಎಂದರೂ ಹಾಯ್. ಎಲ್ಲಿ ನಿಲ್ಲಬೇಕು, ಎಷ್ಟು ಬಾಗಬೇಕು, ಯಾರ ಕಡೆ ಎಷ್ಟು ಹೊತ್ತು ನೋಡಬಹುದು ಎಂದು ಲೆಕ್ಕ ಹಾಕುತ್ತಲೇ ಅವಳ ದಿನ ಮುಗಿಯುತ್ತಿತ್ತು.

ಜೂನ್ ತಿಂಗಳಲ್ಲಿ ನಿಶಿಮುರಾ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದಳು: "ಸ್ನಾನ ಮಾಡಿಸುವಾಗ ಯಾರ ಕೊರಳಲ್ಲೂ ಏನೂ ಇರಬಾರದು. ಹಿರಿಯರು ಹಿಡಿದು ಎಳೆದರೆ ಅವರಿಗೂ ಪೆಟ್ಟು, ನಿಮಗೂ ಪೆಟ್ಟು."

ದಾಕ್ಷಾಯಣಿಯ ಸಮವಸ್ತ್ರದ ಒಳಗೆ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗವಿತ್ತು. ಎಂಟನೆಯ ವಯಸ್ಸಿನಲ್ಲಿ ಮಠದ ಅಯ್ಯನವರು ದೀಕ್ಷೆ ಕೊಟ್ಟು ಕಟ್ಟಿದ್ದು. ನಿದ್ದೆಯಲ್ಲೂ ಅದು ಮೈಬಿಟ್ಟು ಇದ್ದದ್ದಿಲ್ಲ. ಇದನ್ನು ವಿವರಿಸಲು ಬೇಕಾದ ಮಾತುಗಳು ಅವಳ ಬಳಿ ಇರಲಿಲ್ಲ. ಇದ್ದರೂ ಇನ್ನೊಮ್ಮೆ ಆ ಮೌನವನ್ನು ಎದುರಿಸುವ ಧೈರ್ಯವಿರಲಿಲ್ಲ. "ಹಾಯ್" ಎಂದಳು. ದಾರವನ್ನು ಕೊರಳಲ್ಲೇ ಬಿಟ್ಟು, ಕರಡಿಗೆಯನ್ನು ಅಂಗಿಯ ಒಳಮಗ್ಗುಲಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡಳು.

ಮುಂದಿನ ಮೂರು ವಾರ ಸ್ನಾನದ ಕೋಣೆಯಲ್ಲಿ ಬಾಗುವಾಗ ಒಂದು ಕೈ ತಾನಾಗಿಯೇ ಕುತ್ತಿಗೆಗೆ ಹೋಗುತ್ತಿತ್ತು. ವಿಡಿಯೋ ಕಾಲಿನಲ್ಲಿ ಆಯಿ, "ಯಾಕ, ಮಾರಿ ಸಣ್ಣಾಗೇತಿ?" ಎಂದು ಕೇಳಿದರೆ, "ಥಂಡಿ ಭಾಳ ಐತಿ ಆಯಿ" ಎನ್ನುತ್ತಿದ್ದಳು. ಆಗ ಅಲ್ಲಿ ಬೇಸಿಗೆ.

ಕುರೊದಾ ಎಂಬ ತೊಂಬತ್ತೊಂದರ ಅಜ್ಜಿಗೆ ಮರೆವಿನ ರೋಗ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಅಭ್ಯಾಸ. ಒಂದು ದಿನ ಸ್ನಾನ ಮುಗಿಸಿ ಬಟ್ಟೆ ತೊಡಿಸಿ, ಗಾಲಿಕುರ್ಚಿಗೆ ಕೂರಿಸಲು ದಾಕ್ಷಾಯಣಿ ಅವಳನ್ನು ಎರಡೂ ಕೈಯಿಂದ ಎತ್ತಿದಾಗ ಕುರೊದಾ ಅಜ್ಜಿಯ ಬೆರಳು ಅವಳ ಕೊರಳಪಟ್ಟಿಯೊಳಗೆ ಹೋಯಿತು. ಕುತ್ತಿಗೆಯ ಹಿಂದೆ ಚುರ್ ಎಂದಿತು. ಭಾರ ಬಿಡುವಂತಿರಲಿಲ್ಲ. ಅಜ್ಜಿಯನ್ನು ಜೋಪಾನವಾಗಿ ಕೂರಿಸಿದಳು. ಇನ್ನೊಬ್ಬಳು ಕುರ್ಚಿ ತಳ್ಳಿಕೊಂಡು ಹೋದಳು. ಆಮೇಲೆ ಕೊರಳು ಮುಟ್ಟಿಕೊಂಡರೆ ಕಡಿದ ಶಿವದಾರವಷ್ಟೇ ಇತ್ತು; ಪಿನ್ನು ಕಿತ್ತುಹೋಗಿ ಕರಡಿಗೆ ಮಾಯವಾಗಿತ್ತು.

ಒದ್ದೆ ನೆಲದ ಮೇಲೆ ಮೊಣಕಾಲೂರಿ ಹುಡುಕಿದಳು. ನೀರು ಹೋಗುವ ಜಾಲರಿ ಎತ್ತಿ ನೋಡಿದಳು. ಒಗೆಯಲು ಹೊರಟ ಟವೆಲ್ಲುಗಳನ್ನು ಒಂದೊಂದಾಗಿ ಝಾಡಿಸಿದಳು. ಸಿಗಲಿಲ್ಲ. ಲಿಂಗ ಮೈಮೇಲೆ ಇಲ್ಲದಾಗ ಅನ್ನ ನೀರು ಮುಟ್ಟಬಾರದೆಂಬುದು ಅವಳ ಮನೆಯ ನೇಮ. ಮಧ್ಯಾಹ್ನ ಎಲ್ಲರೂ ಉಣ್ಣುವಾಗ ಡಬ್ಬಿ ತೆರೆಯದೆ ಕೂತಳು. "ಹೊಟ್ಟೆ ಸರಿ ಇಲ್ಲವೇ?" ಎಂದು ನಿಶಿಮುರಾ ಕೇಳಿದಳು. "ಹಾಯ್."

ನಾಲ್ಕು ಗಂಟೆಗೆ ಒಬ್ಬ ಮುದುಕನನ್ನು ಹಾಸಿಗೆಯಿಂದ ಎಬ್ಬಿಸುವಾಗ ಅವಳಿಗೆ ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿದ್ದ ನಿಶಿಮುರಾ ಓಡಿ ಬಂದು ಇಬ್ಬರನ್ನೂ ಹಿಡಿದಳು. ಮುದುಕನಿಗೆ ಏನೂ ಆಗಲಿಲ್ಲ. ಆದರೆ ಆಗಬಹುದಿತ್ತು. ದಾಕ್ಷಾಯಣಿ ಹೊರಗಿನ ಬೆಂಚಿನ ಮೇಲೆ ಕೂತು ತನಗೆ ಬಂದ ಜಪಾನಿಯಲ್ಲಿ ಹೇಳಿದಳು: "ನನ್ನ ದೇವರು ಕಳೆದುಹೋಗಿದೆ."

"ದೇವರು?"

"ಕೊರಳಲ್ಲಿದ್ದ ದೇವರು. ತೆಗೆಯಿರಿ ಅಂದಿರಿ. ನಾನು ಹಾಯ್ ಅಂದೆ. ತೆಗೆಯಲಿಲ್ಲ."

ನಿಶಿಮುರಾ ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಎಷ್ಟು ದೊಡ್ಡದು, ಯಾವ ಬಣ್ಣ ಎಂದು ಕೇಳಿದಳು. ಐದು ಜನ ಸೇರಿ ಒಗೆಯುವ ಯಂತ್ರಗಳನ್ನು ನಿಲ್ಲಿಸಿ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಕುರೊದಾ ಅಜ್ಜಿಯ ಹೊದಿಕೆಯ ಕೆಳಗೆ, ಅವಳ ಬಲ ಮುಷ್ಟಿಯಲ್ಲಿ. ಬಿಡಿಸಲು ಹೋದರೆ ಅಜ್ಜಿ ಅಳುತ್ತಿದ್ದಳು.

"ಕಾಯೋಣ" ಎಂದಳು ನಿಶಿಮುರಾ.

ದಾಕ್ಷಾಯಣಿ ಹಾಸಿಗೆಯ ಪಕ್ಕ ಕೂತು ಆ ಮುಷ್ಟಿಯನ್ನೇ ನೋಡಿದಳು. ಬೇರೆಯವರ ಕೈ ಸೋಕಿದ ಲಿಂಗ. ಮರಳಿ ಸಿಕ್ಕರೂ ಧರಿಸಬಹುದೋ ಇಲ್ಲವೋ ಗೊತ್ತಿರಲಿಲ್ಲ. ಆಯಿಗೆ ಏನು ಹೇಳುವುದು? ಕೆಲಸ ಹೋದರೆ ಅಪ್ಪನಿಗೆ ಏನು ಹೇಳುವುದು? ಒಂದು ತಾಸಿನ ಮೇಲೆ ಕುರೊದಾ ಅಜ್ಜಿ ಅವಳತ್ತ ತಿರುಗಿ, ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ನೀಡಿದಳು. ಅಲ್ಲಿಯವರು ಮರ್ಯಾದೆಯ ವಸ್ತು ಕೊಡುವುದೇ ಹಾಗೆ. ದಾಕ್ಷಾಯಣಿಯೂ ಎರಡೂ ಕೈ ಚಾಚಿ ತಲೆಬಾಗಿ ತೆಗೆದುಕೊಂಡಳು.

ಸಂಜೆ ನಿಶಿಮುರಾ ಘಟನೆಯ ವರದಿ ಬರೆದಳು. ಬರೆದು ಮುಗಿಸಿ ಹೇಳಿದಳು: "ತೆಗೆಯಲು ಆಗದು ಅಂದಿದ್ದರೆ ಬೇರೆ ದಾರಿ ಹುಡುಕುತ್ತಿದ್ದೆ. ನೀನು ಹಾಯ್ ಅಂದೆ. ನಾನು ನಂಬಿದೆ."

"ಆಗದು ಅಂದರೆ ನಿಮಗೆ ಬೇಸರ ಆಗುತ್ತದೆ ಅಂತ ಹೇಳಲಿಲ್ಲ."

"ಆಗುತ್ತಿತ್ತು" ಎಂದಳು ನಿಶಿಮುರಾ. "ಆದರೂ ಹೇಳಬೇಕಿತ್ತು."

ಆ ರಾತ್ರಿ ದಾಕ್ಷಾಯಣಿ ಕಡಿದ ದಾರಕ್ಕೆ ಗಂಟು ಹಾಕಿ ಲಿಂಗವನ್ನು ಕಟ್ಟಿಕೊಂಡ ಮೇಲೆಯೇ ಉಂಡಳು. ಮರುದಿನದಿಂದ ಅವಳನ್ನು ಸ್ನಾನದ ಕೆಲಸದಿಂದ ತೆಗೆದು ಊಟ ಬಡಿಸುವ ಕಡೆ ಹಾಕಿದರು. ಸಹೋದ್ಯೋಗಿಗಳು ಮೊದಲಿನಂತೆಯೇ ನಗುತ್ತಿದ್ದರು. ತನ್ನ ಪಾಲಿನ ಭಾರ ಅವರ ಮೇಲೆ ಬಿದ್ದದ್ದು ಅವಳಿಗೆ ಗೊತ್ತಿತ್ತು.

ದೀಪಾವಳಿಗೆ ರಜೆಯ ಮೇಲೆ ಸೋನ್ಯಾಳಕ್ಕೆ ಬಂದವಳು ನಾಲ್ಕು ದಿನ ಆಯಿಯ ಕಣ್ಣು ತಪ್ಪಿಸಿಕೊಂಡು ತಿರುಗಿದಳು. ಐದನೆಯ ದಿನ ಸಾವಿತ್ರೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸಾವಿತ್ರೆವ್ವನ ಕೈ ಮೊರದ ಮೇಲೆಯೇ ನಿಂತಿತು.

"ಮಂದಿ ಕೈಯಾಗ ಎಷ್ಟೊತ್ತಿತ್ತು?"

"ಐದಾರು ತಾಸು."

"ಆಕಿದು ಜಳಕಾ ಆಗಿತ್ತೇನು?"

"ನಾನ ಮಾಡ್ಸಿದ್ದೆ, ಆಗಷ್ಟ."

ಸಾವಿತ್ರೆವ್ವ ಮೊರದಿಂದ ಒಂದು ಹರಳು ಹೆಕ್ಕಿ ಎಸೆದಳು. "ಅಲ್ಲಿತನಕ ನೀ ನೀರ ಮುಟ್ಟಿಲ್ಲಲ್ಲ?"

"ಇಲ್ಲ ಆಯಿ."

"ಹಂಗಾರ ಅಯ್ಯನವರ್ನ ಕೇಳೋಣು. ನಾ ಒಬ್ಬಾಕಿ ಹೇಳಾಕ ಬರೂದಿಲ್ಲ. ಆದ್ರ ಮುದುಕರ್ನ ಬೀಳಿಸಿದ್ದಿ ಅಂದ್ರ ಅದಕ್ಕ ಯಾವ ಅಯ್ಯನೂ ಪರಿಹಾರ ಹೇಳ್ತಿದ್ದಿಲ್ಲ ತಂಗಿ."

ಅಯ್ಯನವರು ಪೂಜೆ ಮಾಡಿ ಹೊಸ ಶಿವದಾರ ಕೊಟ್ಟರು. ಕೊರಳಿಗೆ ಕಟ್ಟಲಾಗದ ಕಡೆ ತೋಳಿಗೆ ಕಟ್ಟಬಹುದು, ದೋಷವಿಲ್ಲ ಎಂದರು. ದಾಕ್ಷಾಯಣಿ ಅಗಲ ಪಟ್ಟಿ ಹೊಲಿಸಿ, ತೋಳಿಗೆ ಕಟ್ಟಿದ ಫೋಟೋ ತೆಗೆದು ನಿಶಿಮುರಾಳಿಗೆ ಕಳಿಸಿ, ಹೀಗೆ ಸ್ನಾನದ ಕೆಲಸಕ್ಕೆ ಬರಬಹುದೇ ಎಂದು ಕೇಳಿದಳು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಜತ್ತದಲ್ಲಿ ಅಪ್ಪನ ಅಂಗಡಿಯಲ್ಲಿ ಕೂತಿದ್ದಾಗ ಬಂತು: "ವಿಚಾರ ಮಾಡುತ್ತೇವೆ."

ಅಲ್ಲಿ ಈ ಮಾತು ಬಹಳ ಸಲ 'ಆಗದು' ಎಂಬುದರ ಸಭ್ಯ ರೂಪ. ಪ್ರತಿಸಲವೂ ಅಲ್ಲ. ಅವಳು ಫೋನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. "ಯಾರದವಾ?" ಎಂದ ಮಲ್ಲಿನಾಥ. "ಕೆಲಸದ್ದಪ್ಪಾ" ಎಂದು ಹೇಳಿ ಬರೆದಳು: "ಕ್ಷಮಿಸಿ. ಆಗುತ್ತದೆಯೋ ಇಲ್ಲವೋ ನೇರವಾಗಿ ಹೇಳಿ. ಆಗದಿದ್ದರೆ ಸ್ನಾನದ ಕೆಲಸ ನನ್ನಿಂದ ಸಾಧ್ಯವಿಲ್ಲ."

ಹತ್ತು ನಿಮಿಷದಲ್ಲಿ ಉತ್ತರ ಬಂತು. "ಆಗುತ್ತದೆ. ಮೇಲೊಂದು ಉದ್ದನೆಯ ತೋಳುಗವಸು ಹಾಕಬೇಕು. ಮೊದಲ ವಾರ ನಾನು ಜೊತೆಗಿರುತ್ತೇನೆ."

ಅವಳು ಅದನ್ನು ಎರಡು ಸಲ ಓದಿ, ಅಪ್ಪನಿಗೂ ಕನ್ನಡದಲ್ಲಿ ಓದಿ ಹೇಳಿದಳು.