ನಿಂತಲ್ಲೇ ಓಡುತ್ತಿದ್ದ ಗಾಡಿ

ಪಕ್ಕದ ಮನೆಯ ಮಾವನ ಬಲಪಾದ ಹೊರಕ್ಕೆ ತಿರುಗಿಕೊಂಡಿತ್ತು. ಹಿಮ್ಮಡಿಯ ಮೇಲೆ, ಮುರಿದ ಮೂಳೆ ಸರಿಯಾಗಿ ಕೂಡದ ಕಡೆ, ನೆಲ್ಲಿಕಾಯಿ ಗಾತ್ರದ ಗಂಟೊಂದು ನಿಂತುಬಿಟ್ಟಿತ್ತು. ಅವರು ನಡೆದು ಬಂದರೆ ಕೊಳ್ಳೇಗಾಲದ ನಮ್ಮ ಬೀದಿಯ ಗಂಡಸರು, "ಮಾವನ್ ಒಂದ್ ಕಾಲು ಅನೂರ್ಗ್ ಒಂಟದ, ಇನ್ನೊಂದು ಯಳಂದೂರ್ಗ್ ಒಂಟದ. ನಮ್ ಪಾಲ್ಗ್ ಉಳ್ದಿರದು ಒಟ್ಟೆ ಒಂದೇಯ" ಎಂದು ಚುಡಾಯಿಸುತ್ತಿದ್ದರು. ಅವರೂ ನಗುತ್ತಿದ್ದರು. ನಕ್ಕಾಗಲೂ ಕಣ್ಣು ಮಾತ್ರ ಎಲ್ಲೋ ಇರುತ್ತಿತ್ತು.

ಹನೂರಿನ ಕಡೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ನಾನು ಮಾಂಬಳ್ಳಿಯಿಂದ ಸೊಸೆಯಾಗಿ ಈ ಬೀದಿಗೆ ಬರುವ ಹೊತ್ತಿಗೆ ಅವರ ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಕ್ಕಳಿಲ್ಲ. ಪಕ್ಕದ ಮನೆಯಾದ್ದರಿಂದ ಸಾರು, ಮಜ್ಜಿಗೆ ಗೋಡೆ ದಾಟಿ ಹೋಗುತ್ತಿದ್ದವು. ಎಲ್ಲರಿಗೂ ಅವರು ಕಾಂಪೌಂಡರ್ ಮಾವ. ನನಗೆ ಬರೀ ಮಾವ.

ಅವರ ಜೊತೆಗಿದ್ದದ್ದು ಇಂಗ್ಲೆಂಡಿನ ಒಂದು ಹಳೇ ಬೈಕು. ಬೆಟ್ಟದ ಕಾಫಿ ತೋಟದಲ್ಲಿ ಯಾವನೋ ದೊರೆ ಬಿಟ್ಟುಹೋದದ್ದಂತೆ. ಕೈಯಿಂದ ಕೈಗೆ ಬಂದು ಇವರಲ್ಲಿ ನಿಂತಿತ್ತು. ಟ್ಯಾಂಕಿನ ಮೇಲಿನ ಹೆಸರು ಉಜ್ಜಿ ಉಜ್ಜಿಯೇ ಅಳಿಸಿಹೋಗಿತ್ತು. ಆ ಕಾಲಿನಲ್ಲಿ ಅವರಿಗೆ ಕಿಕ್ಕರ್ ಒದೆಯಲು ಆಗುತ್ತಿರಲಿಲ್ಲ. ಮೊದಮೊದಲು ನನ್ನ ಗಂಡ ಒದ್ದುಕೊಡುತ್ತಿದ್ದರು. ಅವರು ಕೆಲಸಕ್ಕೆ ಬೇಗ ಹೊರಡತೊಡಗಿದ ಮೇಲೆ ಆ ಪಾಳಿ ನನಗೆ ಬಂತು. ಹ್ಯಾಂಡಲಿನ ಎಡಗಡೆ ಒಂದು ಪುಟ್ಟ ಕಡ್ಡಿ ಇತ್ತು. ಅದನ್ನು ಹಿಂದಕ್ಕೆ ಎಳೆಯದೆ ಒದ್ದರೆ ಕಿಕ್ಕರ್ ರಭಸದಿಂದ ಹಿಂದಕ್ಕೆ ಚಿಮ್ಮಿ, ಗಾಡಿಯೇ ತಿರುಗಿ ಒದೆಯುತ್ತದೆ. "ಮೊದ್ಲು ಕಡ್ಡಿ ಇಂದಕ್ಕ, ಆಮೇಲ್ ಕಾಲು. ಮರ್ತ್ಗಿರ್ತೀಯ, ಜೋಪಾನ ಕನವ್ವ" ಎಂದು ಪ್ರತಿಸಲವೂ ಹೇಳುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ನಾನು ಒದೆಯುವುದನ್ನು ನೋಡಿ ನಮ್ಮತ್ತೆ, "ನನ್ ಸೊಸೆ ನಂಗ್ ಬಾಯಲ್ ಒದೀತಾಳ, ಮಾವನ್ ಗಾಡೀಗ್ ಕಾಲಲ್ ಒದೀತಾಳ" ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರದ್ದೊಂದು ನೇಮ. ಒಂದು ಸುತ್ತು ಹೋಗಿ ಎಂಜಿನ್ನು ಬಿಸಿ ಮಾಡಿಕೊಂಡು ಬಂದು, "ಬಿಸಿ ಆಗ್ದೆ ಇರೋ ಗಾಡಿ ಸುಳ್ ಏಳ್ತದ" ಎನ್ನುತ್ತಾ ಮೋಟು ಸ್ಟೂಲಿನ ಮೇಲೆ ಕೂರುವರು. ಕಾರ್ಬುರೇಟರಿನಲ್ಲಿ ಎರಡು ತಿರುಪು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ನಿನ ಬಡಿತ ಎಷ್ಟು ನಿಧಾನಕ್ಕೆ ಇಳಿಯಬೇಕು ಎನ್ನುವುದಕ್ಕೆ ಒಂದು, ಗಾಳಿಗೆ ಇನ್ನೊಂದು. ಗಾಳಿಯದನ್ನು ಕೂದಲೆಳೆಯಷ್ಟು ಒಳಕ್ಕೆ, ಹೊರಕ್ಕೆ ಆಡಿಸಿ, ಬಡಿತ ಒಂದೇ ಸಮ ಆಯಿತು ಅನ್ನಿಸಿದಾಗ ಮೊದಲನೆಯದನ್ನು ಇಳಿಸುವರು. ಕೊನೆಗೆ ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿ, ಆಕ್ಸಿಲರೇಟರ್ ವೈರು ಬಿಗಿದುಕೊಂಡು ಸದ್ದು ಏರುತ್ತದೇನೋ ಎಂದು ಕಣ್ಣು ಮುಚ್ಚಿ ಕೇಳುವರು. "ಕೂಗಾಡೋವಾಗ ಎಂಥವ್ನ್ಗೂ ಗೊತ್ತಾಯ್ತದ. ಸುಮ್ಗ್ ನಿಂತಿದ್ದಾಗ ಎಂಗದ ಅಂತ ಕೇಳ್ಬೇಕು ಕನವ್ವ."

ದಾರಿಯಲ್ಲಿ ಗಾಡಿ ನಿಂತರೆ ಒದೆಯುವವರಿಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಆಫ್ ಮಾಡುತ್ತಿರಲಿಲ್ಲ. ಮುಳ್ಳೂರಿನಲ್ಲೋ ಒಡೆಯರಪಾಳ್ಯದಲ್ಲೋ ಹಸುವಿಗೆ ಹುಷಾರಿಲ್ಲವೆಂದು ಕರೆದರೆ, ಗಾಡಿ ಅಂಗಳದಲ್ಲಿ ಗುಡುಗುಡು ಎನ್ನುತ್ತಿರುವಾಗಲೇ ಮದ್ದು ಹೇಳಿ, ನಿಂತೇ ಕಾಫಿ ಕುಡಿದು ಹೊರಡುವರು.

ಇನ್ನೊಂದು ಅಭ್ಯಾಸವಿತ್ತು. ಬೀದಿಯ ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ದರೆ ಹಿಂದೆಯೇ ಹೋಗಿ, ಗಾಡಿಯನ್ನು ಟೀ ಅಂಗಡಿಯವನ ಕಣ್ಣಳತೆಯಲ್ಲಿ ಬಿಟ್ಟು, ಒಳಗೆ ಹೋಗಿ ಕೈ ಮುಗಿಯುವರು: "ಸಾ, ಜೊತೇಲ್ ಬಂದಿರೋರ್ನೂ ಒಸಿ ನೋಡಿ." ಡಾಕ್ಟರು ರೇಗುತ್ತಿದ್ದರು, ಸಿಸ್ಟರುಗಳು ನಗುತ್ತಿದ್ದರು. ಅರಳುಮರಳು ಎಂದು ನಾವೂ ಆಡಿಕೊಳ್ಳುತ್ತಿದ್ದೆವು.

ನಾನು ಬಸುರಿಯಾಗಿದ್ದಾಗ ಅತ್ತೆಗೆ ವಾಂತಿಭೇದಿ ಹತ್ತಿತು. ಆಟೋದಲ್ಲಿ ಕರೆದುಕೊಂಡು ಹೋದೆ. ನನಗೂ ಎರಡು ದಿನದಿಂದ ತಲೆನೋವು, ಕಾಲು ಊದಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಯಾರಿಗೂ ಹೇಳಿರಲಿಲ್ಲ. ಮಾವ ಬಂದವರು ಅದೇ ಮಾತು ಹೇಳಿದರು. ಸಿಸ್ಟರು ನಗುತ್ತಲೇ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನೋಡುನೋಡುತ್ತ ಅವರ ನಗು ಇಳಿದುಹೋಯಿತು. ಅಂದೇ ನನ್ನನ್ನು ಮೈಸೂರಿಗೆ ಕಳಿಸಿದರು. ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಇಬ್ಬರೂ ಉಳಿದೆವು. ಈಗ ಅವಳು ಶಾಲೆಗೆ ಹೋಗುತ್ತಾಳೆ.

ಬಾಣಂತನ ಮುಗಿಸಿ ಬಂದು ಮಗುವನ್ನು ಅವರ ಮಡಿಲಿಗೆ ಹಾಕಿ, "ನಿಮ್ಗ್ ಎಂಗ್ ಗೊತ್ತಾಯ್ತು ಮಾವ?" ಎಂದು ಕೇಳಿದೆ. "ಏನೂ ಗೊತ್ತಿರ್ನಿಲ್ಲ ಕನವ್ವ" ಎಂದರು. ಮಗುವಿನ ತಲೆ ಸವರುತ್ತಾ ತಮ್ಮ ಕಾಲು ಮುರಿದ ದಿನದ ಕತೆ ಹೇಳಿದರು.

ಹೆಂಡತಿ ಇದ್ದ ಕಾಲದಲ್ಲಿ ಅವರಿಗೆ ಗಾಡಿಯ ನಿಧಾನದ ಬಡಿತವೇ ಹೆಮ್ಮೆ. ಎರಡು ಬಡಿತದ ನಡುವೆ ಒಂದು ಮಾತಾಡಿ ಮುಗಿಸಬಹುದು, ಅಷ್ಟು ಇಳಿಸಿ ಇಟ್ಟಿದ್ದರಂತೆ. ಯಳಂದೂರಿನ ನೆಂಟರ ಮನೆಯಲ್ಲಿದ್ದಾಗ ಹೆಂಡತಿ ಎದೆ ಒತ್ತಿದ ಹಾಗಾಗುತ್ತದೆ ಎಂದರು. ಆಸ್ಪತ್ರೆಗೆಂದು ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಕಾಯುತ್ತಿದ್ದಾಗ ಗಾಡಿ ಬಡಿತ ತಪ್ಪಿ ನಿಂತಿತು. ಗಾಬರಿಯಲ್ಲಿ ಕಡ್ಡಿ ಎಳೆಯದೆ ಒದ್ದರು. ಅದು ತಿರುಗಿ ಒದ್ದ ರಭಸಕ್ಕೆ ಕಾಲು ಮುರಿಯಿತು.

"ನಾನ್ ರಸ್ತೇಲ್ ಬಿದ್ದು ಕಿರುಚ್ಕತಿದ್ದಿ. ಅವ್ಳೇ ಆಟೋ ನಿಲ್ಸುದ್ಲು, ಅವ್ಳೇ ನನ್ನ ಇಡ್ಕಂಡ್ಳು. ಆಸ್ಪತ್ರೇಲಿ ಎಲ್ರೂ ನನ್ ಕಾಲ್ನೇ ನೋಡುದ್ರು. ಯಾರ್ ತಪ್ಪೂ ಇಲ್ಲ, ನನ್ ಕಿರುಚಾಟ ಅಂಗಿತ್ತು. 'ಅವ್ರಿಗ್ ನೋಡಿ, ನಂಗೇನಿಲ್ಲ' ಅಂದ್ಬುಟ್ಟು ಒರ್ಗಡ ಬೆಂಚಲ್ ಕುಂತಿದ್ಲು, ನನ್ ಚಪ್ಲಿ ಮಡ್ಲಲ್ ಮಡೀಕಂಡು. ಪ್ಲಾಸ್ಟರ್ ಆಕಿಸ್ಕಂಡ್ ಬತ್ತೀನಿ, ಅಂಗೇ ಕುಂತವ್ಳ. ಕೂಗುದ್ರೆ ತಿರುಗ್ನಿಲ್ಲ."

ಅಂದಿನಿಂದ ಗಾಡಿಯ ಬಡಿತವನ್ನು ಒಂದೆಳೆ ಏರಿಸಿಯೇ ಇಡುತ್ತಿದ್ದರು. ಮಾರಿಬಿಡಿ ಎಂದವರ ಎದುರೇ ಟ್ಯಾಂಕು ಉಜ್ಜುತ್ತಾ ಕೂರುತ್ತಿದ್ದರು.

ಈ ವರ್ಷ, ಯುಗಾದಿಯ ಹಿಂದಿನ ಭಾನುವಾರ, ಎಂದಿನಂತೆ ನಾನೇ ಕಡ್ಡಿ ಎಳೆದು ಒದ್ದುಕೊಟ್ಟೆ. ಅವರು ಸುತ್ತು ಹೋಗಿ ಬಂದು ಕೂತರು. ನಾನು ಒಳಗೆ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಗಾಡಿಯ ಸದ್ದು ಕೇಳುತ್ತಲೇ ಇತ್ತು, ಒಂದೇ ಸಮ, ಏರಿಲ್ಲ ಇಳಿದಿಲ್ಲ. ಆಫ್ ಮಾಡುವ ಮೊದಲು ಅವರು ಒಮ್ಮೆ ಜೋರು ಮಾಡುತ್ತಿದ್ದರು. ಅದೂ ಇಲ್ಲದೆ, ಪೆಟ್ರೋಲು ಮುಗಿದು ಎರಡು ಸಲ ಕೆಮ್ಮಿ ಗಾಡಿ ನಿಂತಿತು. ನಾನು ಸೀರೆ ಬಿಸಾಕಿ ಓಡಿದೆ. ಮಾವ ಸ್ಟೂಲಿನಲ್ಲಿ ಗೋಡೆಗೆ ಒರಗಿಕೊಂಡಿದ್ದರು. ಸ್ಕ್ರೂಡ್ರೈವರ್ ಮಡಿಲಲ್ಲಿತ್ತು. ಮೈ ಆಗಲೇ ತಣ್ಣಗಾಗತೊಡಗಿತ್ತು.

ಆದರೂ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನೋಡಿ ತಲೆಯಾಡಿಸಿದರು. ಮೇಲೆ ಬಟ್ಟೆ ಎಳೆದರು. ನನ್ನ ಗಂಡ ಬೀದಿಯವರಿಗೆ ಫೋನ್ ಮಾಡಲು ಹೊರಗೆ ಹೋದರು. ನಾನು ಗೋಡೆ ಹಿಡಿದು ನಿಂತಿದ್ದೆ. ಆಗ ಅಂದು ನನ್ನ ಬಿಪಿ ನೋಡಿದ ಅದೇ ಸಿಸ್ಟರು ಬಂದು, "ಜೊತೇಲ್ ಬಂದಿರೋರು ಯಾರು?" ಎಂದು ಕೇಳಿದರು.

"ನಾನೇ" ಎಂದೆ.

"ಕೂತ್ಕಳಿ ಅಕ್ಕ. ಕೈ ಕೊಡಿ."

ಪಟ್ಟಿ ತೋಳಿಗೆ ಬಿಗಿಯಾಗುವಾಗ ನನಗೆ ಅಳು ತಡೆಯಲಾಗಲಿಲ್ಲ. ಅತ್ತರೆ ಲೆಕ್ಕ ತಪ್ಪು ಬರುತ್ತದೆ ಎಂದು ಅವರು ಪಟ್ಟಿ ಬಿಚ್ಚಿದರು. ನಾನು ಸುಮ್ಮನಾಗುವವರೆಗೂ ಪಕ್ಕದಲ್ಲೇ ಕೂತಿದ್ದು, ಮತ್ತೆ ಕಟ್ಟಿ ನೋಡಿದರು.