ಕಾಗದದ ತಟ್ಟೆಯ ದೋಸೆ

ಅಪ್ಪನಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸಿದ ದಿನ ವೈದ್ಯರು, ಒಂದು ತಿಂಗಳು ಮೆತ್ತಗಿನದನ್ನೇ ತಿನ್ನಬೇಕೆಂದು ತಾಕೀತು ಮಾಡಿದ್ದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಹೊರಗೆ ಬಂದು ನನ್ನ ಸ್ಕೂಟರಿನ ಹಿಂದೆ ಕೂರುತ್ತಲೇ, "ಗರಿಗರಿ ದ್ವಾಸಿ ಎಲ್ಲಿ ಸಿಗತೈತಿ ನೋಡೂಣು ನಡಿ" ಎಂದ.

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಅಪ್ಪ ನಿವೃತ್ತ ಲೈನ್‌ಮನ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಸುತ್ತಿನಲ್ಲಿ ಅವನು ಹತ್ತದ ಕಂಬ ಇರಲಿಕ್ಕಿಲ್ಲ. ನಾನು ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನರ್ಸು, ರವಿವಾರ ಸೂಟಿ. ವಾರಕ್ಕೊಂದು ಊರಿನ ದೋಸೆ ತಿನ್ನುವುದು, ಎಲ್ಲ ಮುಗಿದ ಮೇಲೆ ಯಾವುದು ಎಲ್ಲಕ್ಕಿಂತ ಚಲೋದೆಂದು ಇಬ್ಬರೂ ಕೂತು ತೀರ್ಮಾನಿಸುವುದು ಎಂದು ಕರಾರಾಯಿತು.

ಮೊದಲ ವಾರ ನಮ್ಮೂರಿನ ಬಜಾರಿನ ಹೋಟೆಲು. ಪಲ್ಯ ಬಾಯಿಗಿಡುವಂತಿತ್ತು, ದೋಸೆ ಮಾತ್ರ ದಪ್ಪ. ಅಪ್ಪ ಅದರ ಅಂಚನ್ನು ಎತ್ತಿ ನೋಡಿ, "ಇದನ್ನ ಹೊದ್ಕೊಂಡು ಮಲಗಬಹುದು" ಎಂದ. ಎರಡನೆಯ ವಾರ ಕಿತ್ತೂರಿನ ಹತ್ತಿರ ಹೆದ್ದಾರಿಯ ಮೇಲೆ ಹೊಸದಾಗಿ ತೆರೆದಿದ್ದ ಒಂದು ಗಾಜಿನ ಕೆಫೆ. ಅವರ ಪಟ್ಟಿಯಲ್ಲಿ ಪಾಸ್ತಾ ದೋಸೆ, ಚಾಕೊಲೇಟ್ ದೋಸೆ, ಏನೇನೋ ದೋಸೆ. ಸಾದಾ ದೋಸೆ ಕೇಳಿದರೆ, "ಸಾದಾ ಇಲ್ರಿ, ಪಿಜ್ಜಾ ದ್ವಾಸಿ ತರ್ಲೇನ್ರಿ?" ಎಂದ ಬಡಿಸುವವ. ದೋಸೆಯ ಅಂಗಡಿಯಲ್ಲಿ ದೋಸೆಯೇ ಇಲ್ಲವೆಂದರೆ ಹೇಗೆ ಎಂದು ನಾನು ಅಲ್ಲೇ ಜಗಳಕ್ಕೆ ನಿಂತೆ. ಅಪ್ಪ ನನ್ನ ಸೆರಗು ಜಗ್ಗಿ ಕೂರಿಸಿ, ಬಂದದ್ದನ್ನು ತಿಂದ. "ಇದಕ್ಕ ಸುಣ್ಣ ಯಾಕ ಬಳದಾರ?" ಎಂದು ಕೇಳಿದ. ಅದು ಮಯೋನೀಸು. ಮೂರನೆಯ ವಾರ ಸವದತ್ತಿಯಲ್ಲಿ, ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಒಬ್ಬ ಹೆಂಗಸು ತಗಡಿನ ಚಪ್ಪರದ ಕೆಳಗೆ ಹುಯ್ದುಕೊಟ್ಟ ದೋಸೆ ಅಂಚಿನಲ್ಲಿ ಕೆಂಪಗೆ, ನಡುವೆ ಮೆತ್ತಗೆ, ಕೆಂಪು ಚಟ್ನಿಯೊಂದಿಗೆ ಇಬ್ಬರಿಗೂ ಹಿಡಿಸಿತು.

ಅಲ್ಲೇ ಯಾರೋ ಹೇಳಿದರು: "ರಾಮದುರ್ಗದ ಹಾದ್ಯಾಗ ಒಂದು ಹಳ್ಳಿ ಐತ್ರಿ. ಅಲ್ಲಿ ದ್ವಾಸಿ ತಿಂದ್ರ ಮತ್ತೆಲ್ಲೂ ತಿನ್ನಂಗಿಲ್ಲ ನೀವು."

ಹಳ್ಳಿಯ ಹೆಸರು ಕೇಳಿ ಅಪ್ಪ, "ಅಲ್ಲಿ ಬ್ಯಾಡ" ಎಂದ.

"ಯಾಕ?"

"ದೂರ ಆಗತೈತಿ."

ಮುಂದಿನ ವಾರ ಹೇಗೂ ರಾಮದುರ್ಗಕ್ಕೇ ಹೋಗುವವರಿಗೆ ನಡುವಿನ ಹಳ್ಳಿ ಹೇಗೆ ದೂರವಾದೀತು? ನಾನು ಹಟ ಹಿಡಿದೆ. ಅಪ್ಪ ಮಾತು ಬೆಳೆಸಲಿಲ್ಲ. ಅವನು ಮಾತು ಬೆಳೆಸದಿದ್ದಾಗ ನಾನು ನಿಂತು ಯೋಚಿಸಬೇಕಿತ್ತು.

ಮರುವಾರ ಹೋದೆವು. ಹಳೆಯ ಹೋಟೆಲು, ಗೋಡೆಗೆ ಹಸಿರು ಬಣ್ಣ, ಹೊಗೆ ಹಿಡಿದ ಜಂತಿ, ಒಲೆಯ ಮೇಲೆ ಎಮ್ಮೆಯ ಬೆನ್ನಿನಷ್ಟು ಅಗಲದ ಹಂಚು. ವಾಸನೆಗೇ ಬಾಯಲ್ಲಿ ನೀರು ಬಂತು. ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ ಮಾಲೀಕ ಅಪ್ಪನದೇ ವಯಸ್ಸಿನವನು. ಅಪ್ಪನನ್ನು ನೋಡಿ ಕಣ್ಣು ಕಿರಿದು ಮಾಡಿದ.

"ಲೈನ್‌ಮನ್ ಅಲ್ಲೇನು ನೀ? ಅಬಬಬ, ಎಷ್ಟ್ ವರ್ಷಾತು! ಬರ್ರಿ, ಕುಂದರ್ರಿ."

ನನಗೆ ಹೆಮ್ಮೆಯಾಯಿತು. ಅಪ್ಪನನ್ನು ಇನ್ನೂ ನೆನಪಿಟ್ಟಿದ್ದಾರಲ್ಲ ಎಂದುಕೊಂಡೆ.

ದೋಸೆ ಬಂತು. ಕಾಗದದ ತಟ್ಟೆಯಲ್ಲಿ ಬಂತು. ನೀರು ಕಾಗದದ ಲೋಟದಲ್ಲಿ. ಸ್ಟೀಲಿನ ತಟ್ಟೆ ತೊಳೆಯಲು ಹೋಗಿರಬೇಕೆಂದುಕೊಂಡು ಒಂದು ತುತ್ತು ಬಾಯಿಗಿಟ್ಟೆ. ನಿಜ ಹೇಳುತ್ತೇನೆ, ಅಂಥ ದೋಸೆ ನಾನು ತಿಂದಿರಲಿಲ್ಲ. ಆಗ ಪಕ್ಕದ ಮೇಜಿಗೆ ನಮ್ಮ ನಂತರ ಬಂದ ಇಬ್ಬರು ಕೂತರು. ಅವರಿಗೆ ಸ್ಟೀಲಿನ ತಟ್ಟೆ, ಸ್ಟೀಲಿನ ಲೋಟ. ಅವರಾದ ಮೇಲೆ ಬಂದವರಿಗೂ ಹಾಗೆಯೇ. ನಾನು ಸುತ್ತ ನೋಡಿದೆ. ಇಡೀ ಹೋಟೆಲಿನಲ್ಲಿ ಕಾಗದದಲ್ಲಿ ತಿನ್ನುತ್ತಿದ್ದವರು ನಾವಿಬ್ಬರೇ.

ನಮ್ಮದು ಬೌದ್ಧರ ಮನೆ, ಅಪ್ಪ ಪ್ರಾಯದಲ್ಲೇ ದೀಕ್ಷೆ ತೆಗೆದುಕೊಂಡವನು. ಆದರೂ ಅಪ್ಪ ಯಾವ ಕೇರಿಯಿಂದ ಬಂದವನೆಂದು ಗಲ್ಲೆಯ ಮೇಲಿನವನಿಗೆ ಗೊತ್ತಿತ್ತು. ಆ ಗುರುತು ಹಿಡಿದದ್ದಕ್ಕೇ ನಾನು ಹೆಮ್ಮೆಪಟ್ಟಿದ್ದೆ.

ಎದ್ದು ಗಲ್ಲೆಗೆ ಹೋದೆ. "ನಮಗಷ್ಟ ಪೇಪರ್ ಪ್ಲೇಟ್ ಯಾಕ್ರಿ?"

"ಅದು ಸ್ವಚ್ಛ ಇರತೈತವ್ವಾ, ಹೊಸಾದು. ಹಳೇ ಮಂದಿ ಬಂದಾರಂತ ಸ್ಪೆಷಲ್ ಕೊಟ್ಟೇವಿ."

"ಅಷ್ಟು ಸ್ವಚ್ಛ ಇದ್ರ ಅವರಿಗೂ ಕೊಡ್ರಿ."

"ಸುಮ್ನ ಯಾಕ ದೊಡ್ಡದು ಮಾಡತೀರಿ. ಬಿಸಿ ಐತಿ, ತಿನ್ರಿ."

ನಾನು ಸುಮ್ಮನಾಗಲಿಲ್ಲ. ಏನೇನು ಅಂದೆನೋ ಈಗ ನೆನಪಿಲ್ಲ. ರಾತ್ರಿ ಪಾಳಿಯಲ್ಲಿ ಇದೇ ಹಳ್ಳಿಗಳ ಮಂದಿಗೆ ಸೂಜಿ ಚುಚ್ಚುತ್ತೇನೆ, ಅವರ ಗಾಯ ತೊಳೆಯುತ್ತೇನೆ, ಅವರ ಹೆಂಗಸರ ಹೆರಿಗೆಯಲ್ಲಿ ಕೂಸನ್ನು ಮೊದಲು ಎತ್ತಿಕೊಳ್ಳುತ್ತೇನೆ, ಆಗ ಯಾರಿಗೂ ಕಾಗದ ಬೇಕಾಗುವುದಿಲ್ಲ, ಇದನ್ನಂತೂ ಅಂದೆ. ತಿನ್ನುತ್ತಿದ್ದವರು ತಟ್ಟೆಯ ಕಡೆ ನೋಡುತ್ತ ತಿಂದರು. ಅಪ್ಪನನ್ನು ಎಬ್ಬಿಸಿಕೊಂಡು ಹೋಗೋಣವೆಂದು ತಿರುಗಿದರೆ, ಅಪ್ಪ ದೋಸೆ ಮುಗಿಸಿ ಬೆರಳು ನೆಕ್ಕುತ್ತಿದ್ದ.

ಮಾಲೀಕನ ಮೇಲಿನ ಸಿಟ್ಟಿಗಿಂತ ಹೆಚ್ಚಿನ ಸಿಟ್ಟು ನನಗೆ ಅಪ್ಪನ ಮೇಲೆ ಬಂತು. ಊರ ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರು ನಿಲ್ಲಿಸಿದೆ.

"ನಾ ಅಲ್ಲಿ ಬಾಯಿ ಹರಕೋತಿದ್ರ ನೀ ತಿನಕೋತ ಕುಂತಿದ್ದೆಲ್ಲ!"

"ಆರಿದ ಮ್ಯಾಲೆ ದ್ವಾಸಿ ತಿನ್ನಾಕ ಬರಂಗಿಲ್ಲ" ಎಂದ ಅಪ್ಪ.

ಆಮೇಲೆ ತಾನಾಗಿಯೇ ಹೇಳಿದ. ನೌಕರಿಗೆ ಸೇರಿದ ಹೊಸತರಲ್ಲಿ ಒಮ್ಮೆ ಗಾಳಿಮಳೆಗೆ ಆ ಹಳ್ಳಿಯ ಕಂಬ ಬಿದ್ದು ಎರಡು ದಿನ ಕತ್ತಲಾಗಿತ್ತು. ಹೊಸ ಕಂಬ ನಿಲ್ಲಿಸಿ, ತಂತಿ ಎಳೆದು, ಇದೇ ಹೋಟೆಲಿನ ದೀಪ ಹತ್ತಿಸಿದವನು ಅಪ್ಪ. ಜೊತೆಯವರೆಲ್ಲ ಒಳಗೆ ಕೂತರು. ಅಪ್ಪನ ದೋಸೆ ಹಿತ್ತಿಲ ಕಿಟಕಿಯಿಂದ ಹಳೆಯ ಪೇಪರಿನಲ್ಲಿ ಬಂತು, ಮುಸುರೆ ಬಚ್ಚಲ ಪಕ್ಕದಲ್ಲಿ ನಿಂತು ತಿಂದ. ಜೊತೆಯವರು ತಮ್ಮ ಪಾಡಿಗೆ ತಿಂದು ಎದ್ದರು.

"ನನಗ ಒಂದಿನಾನೂ ಹೇಳ್ಲಿಲ್ಲಲ್ಲ?"

"ಹೇಳಿದ್ರ ನೀ ಇವತ್ತಿನಂಗ ಒದರತಿದ್ದಿ."

ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ. ಪೊಲೀಸರಿಗೆ ದೂರು ಕೊಡುತ್ತೇನೆಂದೆ. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಶನಿವಾರ ಸಂಜೆ ತನ್ನ ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿದ.

"ನಾಳೆ ಮತ್ತ ಅಲ್ಲಿಗೇ ಹೋಗೂಣು" ಎಂದ.

ಅದೇ ಮೇಜು. ಮಾಲೀಕ ಈ ಸಲ ಕುಂದರ್ರಿ ಎನ್ನಲಿಲ್ಲ. ಮತ್ತೆ ಕಾಗದದ ತಟ್ಟೆಗಳೇ ಬಂದವು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದ. ಗೋಡೆಯ ಹಲಗೆಯ ಮೇಲೆ ತೊಳೆದು ಬೋರಲು ಹಾಕಿದ್ದ ಸ್ಟೀಲಿನ ತಟ್ಟೆಗಳಲ್ಲಿ ಎರಡನ್ನು ತೆಗೆದುಕೊಂಡು ಬಂದು, ದೋಸೆಗಳನ್ನು ಅವುಗಳಿಗೆ ಜಾರಿಸಿದ. ಕಾಗದದ ತಟ್ಟೆಗಳನ್ನು ನೀಟಾಗಿ ಒಂದರೊಳಗೊಂದು ಇಟ್ಟು ಮೇಜಿನ ಅಂಚಿಗೆ ಸರಿಸಿದ.

ಮಾಲೀಕ ಗಲ್ಲೆಯಿಂದ ಅರ್ಧ ಎದ್ದ. ಅಪ್ಪ ಅವನ ಮುಖವನ್ನೇ ನೋಡುತ್ತ, "ಚಟ್ನಿ ಇನ್ನಷ್ಟು ಕಳಸ್ರಿ" ಎಂದ. ಅವನು ಮೆಲ್ಲಗೆ ಕೂತ. ಚಟ್ನಿ ಬಂತು. ಅಪ್ಪ ದೋಸೆಯ ಅಂಚು ಮುರಿದು ಅದರಲ್ಲಿ ಅದ್ದಿದ.

ತಿಂದಾದ ಮೇಲೆ ನಾನು ಹೊರಗೆ ಹೋಗಲಿಲ್ಲ. ನಮ್ಮ ತಟ್ಟೆಗಳು ಎಲ್ಲಿಗೆ ಹೋಗುತ್ತವೆಂದು ನೋಡಲು ನಿಂತೆ. ಬಡಿಸುವವ ಎಲ್ಲರ ತಟ್ಟೆಗಳನ್ನು ಹಿತ್ತಿಲ ತೊಟ್ಟಿಯ ನೀರಿಗೆ ಹಾಕಿದ. ನಮ್ಮವೆರಡನ್ನು ಮಾತ್ರ ಹೊರಗೆ ಗೋಡೆಗೆ ಒರಗಿಸಿಟ್ಟ. ಸೀದಾ ಹೋಗಿ ಎರಡನ್ನೂ ಎತ್ತಿ ತೊಟ್ಟಿಗೆ ಹಾಕಿದೆ. ಮೊಣಕೈತನಕ ಕೈ ಮುಳುಗಿಸಿ, ಇದ್ದ ತಟ್ಟೆಗಳನ್ನೆಲ್ಲ ಗರಗರ ತಿರುವಿದೆ.

"ಈಗ ಹುಡುಕ್ರಿ, ನಮ್ಮವು ಯಾವು ಅಂತ" ಎಂದೆ.

ಅವನು ಕೈಯಲ್ಲಿ ಬೂದಿಯ ಡಬ್ಬಿ ಹಿಡಿದು ಹಾಗೆಯೇ ನಿಂತಿದ್ದ. ಮಾಲೀಕ ಒಳಗಿನಿಂದ ಕೂಗುತ್ತಿದ್ದ. ನಾವು ಅವಸರ ಮಾಡದೆ ಹೊರಟು ಬಂದೆವು.

ಇದಾಗಿ ತಿಂಗಳಾಗಿರಬಹುದು. ಕಾಲಿಗೆ ಕುಡುಗೋಲು ತಾಗಿಸಿಕೊಂಡ ಒಬ್ಬ ರೈತ ನಮ್ಮ ಆಸ್ಪತ್ರೆಗೆ ಬಂದ. ಪಟ್ಟಿ ಕಟ್ಟುತ್ತ ಊರು ಕೇಳಿದರೆ ಅದೇ ಹಳ್ಳಿ. ಹೋಟೆಲು ಹೇಗಿದೆ ಎಂದು ಸುಮ್ಮನೆ ಕೇಳಿದೆ.

"ದ್ವಾಸಿ ಹಂಗ ಐತ್ರಿ. ಆದ್ರ ಸ್ಟೀಲ್ ಪ್ಲೇಟ್ ಎಲ್ಲಾ ತಗದಬಿಟ್ಟಾರ. ಈಗ ಎಲ್ಲಾರಿಗೂ ಪೇಪರ್. ಯಾಕೋ ಏನೋ, ಚಟ್ನಿ ಸೋರಿ ಅಂಗಿ ಮ್ಯಾಲೆ ಬೀಳತೈತ್ರಿ."

ನಾವು ಮುಟ್ಟಿದ ಎರಡು ತಟ್ಟೆ ಯಾವುವೆಂದು ತಿಳಿಯದೆ ಆ ಮನುಷ್ಯ ತನ್ನ ಎಲ್ಲ ತಟ್ಟೆಗಳನ್ನೂ ಹೊರಗೆಸೆದಿದ್ದ! ಪಟ್ಟಿ ಬಿಗಿಯಾಯಿತೆಂದು ರೈತ ಅಯ್ಯೋ ಎಂದಾಗಲೇ ನನಗೆ ಎಚ್ಚರ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಮೊದಲು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಎಲ್ಲಾರಿಗೂ ಅಂದ್ರ, ಗೌಡ್ರಿಗೂ?" ಎಂದು ಮತ್ತೆ ಮತ್ತೆ ಕೇಳಿದ. ಆಮೇಲೆ, ಏನೇ ಆಗಲಿ ದೋಸೆಯಲ್ಲಿ ಅದೇ ಮೊದಲನೆಯದು, ಸವದತ್ತಿಯದು ಎರಡನೆಯದು, ನಾಲಿಗೆ ಸುಳ್ಳು ಹೇಳಬಾರದು ಎಂದು ತೀರ್ಪು ಕೊಟ್ಟ.

ನಾನು ಒಪ್ಪಲಿಲ್ಲ. ಮನುಷ್ಯನನ್ನು ಹಾಗೆ ಕಾಣುವವನ ದೋಸೆಗೆ ಮೊದಲ ಸ್ಥಾನವೂ ಇಲ್ಲ, ಕೊನೆಯದೂ ಇಲ್ಲ ಎಂದೆ. ಈ ವಿಷಯದಲ್ಲಿ ಅಪ್ಪನಿಗೂ ನನಗೂ ಇವತ್ತಿಗೂ ರಾಜಿಯಾಗಿಲ್ಲ.